ಭಾವನ ಭಾರದ ಪೆಟ್ಟಿಗೆ

ಭಾವನಿಗೆ ಧ್ವನಿಯ ಬಗ್ಗೆ ತಿಳಿದದ್ದೆಲ್ಲ ಕೈಯಿಂದ ತಿಳಿದದ್ದು. ಯಾವ ಸ್ಪೀಕರ್ ಪೆಟ್ಟಿಗೆ ಕಂಡರೂ ಅದರ ಮೂಲೆ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದ. ಜಗ್ಗದಿದ್ದರೆ "ಇದಪ್ಪಾ ಮಾಲು!" ಎನ್ನುವುದು, ಜಗ್ಗಿದರೆ ಮೂತಿ ತಿರುವಿ "ಆಟಿಕೆ" ಎನ್ನುವುದು. ಕಿವಿಗಳಿಗೆ ಪಾಪ ಕೆಲಸವೇ ಇರಲಿಲ್ಲ. ಕನ್ನಡಕದ ಕಡ್ಡಿ ಸಿಕ್ಕಿಸಿಕೊಳ್ಳುವುದಕ್ಕೆ ಇದ್ದವು, ಅಷ್ಟೇ.

ಇಂಥ ಮಹಾನುಭಾವ ಒಂದು ಬ್ಯಾಂಡಿನ ಯಜಮಾನ. ಅವನ ನಾದಿನಿ, ಅಂದರೆ ಹೆಂಡತಿಯ ತಂಗಿ, ಅದರಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದಳು. ಭಾವನ ಮಗಳು ಕರೆಯುವುದನ್ನು ಕೇಳಿ ಕೇಳಿ ಬ್ಯಾಂಡಿನವರೆಲ್ಲ ಅವಳನ್ನು ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಚಿಕ್ಕಮ್ಮ ಹಗಲೆಲ್ಲ ಶಾಲೆಯ ಸಮವಸ್ತ್ರಗಳಿಗೆ ತೋಳು ಹೊಲಿದು, ಸಂಜೆ ಆ ನಾಲ್ಕು ದಪ್ಪ ತಂತಿಗಳ ಮುಂದೆ ಕೂತರೆ ಮಾತ್ರ ತಾನೂ ಮನುಷ್ಯಳು ಎಂದು ಉಸಿರು ಬಿಡುತ್ತಿದ್ದಳು. ಇಪ್ಪತ್ತು ವರ್ಷ ಹೀಗೇ ನಡೆದಿತ್ತು. ಚೆನ್ನಾಗಿ ನುಡಿಸಿದೆ ಎಂದು ಭಾವ ಒಂದು ದಿನ ಬಾಯಿಬಿಟ್ಟು ಹೇಳಿದವನಲ್ಲ. ಬಾಯಿಬಿಟ್ಟರೆ ಮುತ್ತು ಉದುರುತ್ತಿತ್ತೋ ಏನೋ.

ಬ್ಯಾಂಡಿಗೆ ಭಾವನದೊಂದು ಕಾನೂನಿತ್ತು: ತನ್ನ ಸಾಮಾನು ತಾನೇ ಹೊರಬೇಕು, ಹೊರಲಾರದವರು ನುಡಿಸುವ ಹಾಗಿಲ್ಲ. ಭಾವನಿಗೇನು, ಗಿಟಾರನ್ನು ಚೀಲಕ್ಕೆ ತುರುಕಿ ಹೆಗಲಿಗೆ ಹಾಕಿದರೆ ಅವನ ಸಂಸಾರವೆಲ್ಲ ಬಂದಂತೆ. ಚಿಕ್ಕಮ್ಮನ ಪಾಲಿಗೆ ಬಂದದ್ದು ಕೋಣ. ಕೋಣವೆಂದರೆ ಅವಳ ಹಳೆಯ ಸ್ಪೀಕರ್ ಪೆಟ್ಟಿಗೆ. ಬಣ್ಣವೂ ಹಾಗೇ, ಗಾತ್ರವೂ ಹಾಗೇ. ಅದನ್ನು ಹತ್ತಿಸಿ ಇಳಿಸಿ ಕೊನೆಗೊಂದು ದಿನ ಅವಳ ಸೊಂಟ ಕೈಕೊಟ್ಟಿತು. "ಇನ್ನು ತುಂಬಿದ ಬಕೆಟ್‌ಗಿಂತ ಭಾರದ್ದು ಎತ್ತಿದ್ರೆ ನನ್ನ ಹತ್ರ ಬರಬೇಡಿ" ಎಂದರು ಡಾಕ್ಟರು.

ಸುದ್ದಿ ಕೇಳಿ ಭಾವ ಅಯ್ಯೋ ಎನ್ನಲಿಲ್ಲ. "ಅಳಿಯ ಇದ್ದಾನಲ್ಲ" ಎಂದ. ಮಗಳ ಗಂಡನಾದ ಈ ಅಳಿಯ ಹೊಸದಾಗಿ ಬೇಸ್ ಕಲಿಯುತ್ತಿದ್ದ. ಬೆರಳು ಇನ್ನೂ ತಡಕಾಡುತ್ತಿತ್ತು, ಆದರೆ ತೋಳು ಗಟ್ಟಿಯಿತ್ತು. ಭಾವನ ಲೆಕ್ಕದಲ್ಲಿ ಸಂಗೀತಗಾರನಿಗೆ ಇನ್ನೇನು ಬೇಕು?

ಹಗುರವಾದ ಪೆಟ್ಟಿಗೆ ಹುಡುಕಲು ಚಿಕ್ಕಮ್ಮ ಅಂಗಡಿಗೆ ನಡೆದಳು.

"ಯಾರಿಗೆ ಮೇಡಂ, ಮಗನಿಗಾ?" ಎಂದ ಅಂಗಡಿಯವನು.

"ಅಲ್ಲ, ನನ್ನ ಅಜ್ಜಿಗೆ. ಹಗುರವಾದದ್ದು ತೋರಿಸಪ್ಪ."

ಅವನು ಮೊದಲು ತೋರಿಸಿದ್ದು ಬೆಳಕು ಮಿನುಗುವ ಪ್ಲಾಸ್ಟಿಕ್ ಡಬ್ಬ. ದಪ್ಪ ತಂತಿ ಮೀಟಿದರೆ ನೆಗಡಿಯಾದವನು ಗೊಣಗಿದ ಹಾಗಿತ್ತು. ಎರಡನೆಯದು ಅಂಗಡಿಯ ಗಾಜೆಲ್ಲ ನಡುಗಿಸಿತು, ಆದರೆ ಯಾವ ಸ್ವರವೆಂದು ಅದಕ್ಕೂ ಗೊತ್ತಿರಲಿಲ್ಲ. "ಏನು ಪವರ್ ನೋಡಿ ಮೇಡಂ!" ಎಂದು ಅವನು ಹಲ್ಲು ಕಿರಿದ. ಇಂಥವರು ಮಾರುವುದಕ್ಕೂ ಭಾವನಂಥವರು ಕೊಳ್ಳುವುದಕ್ಕೂ ಸರಿಹೋಯಿತು ಎಂದುಕೊಂಡಳು ಚಿಕ್ಕಮ್ಮ.

ಮೂರನೆಯದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ತೆಳು ಮರ, ಹೊಸ ಬಗೆಯ ಪುಟ್ಟ ಅಯಸ್ಕಾಂತದ ಒಂದೇ ಸ್ಪೀಕರು. ಖಾಲಿ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ, ವೇದಿಕೆಯ ಮೇಲೆ ಡ್ರಮ್ ಶುರುವಾದಾಗಲೇ ಬಣ್ಣ ಬಯಲಾಗುವುದು. ಅದಕ್ಕೇ ಅವಳು ಡ್ರಮ್ಮಿನ ರೆಕಾರ್ಡೊಂದನ್ನು ಗಟ್ಟಿಯಾಗಿ ಹಾಕಿಸಿ, ಬಾಗಿಲಾಚೆ ರಸ್ತೆಯವರೆಗೆ ವೈರು ಎಳೆದು, ಅಲ್ಲಿ ನಿಂತು ನುಡಿಸಿದಳು. ಅಷ್ಟು ಗದ್ದಲದಲ್ಲೂ ಒಂದೊಂದು ಸ್ವರ ಬಿಡಿಬಿಡಿಯಾಗಿ ಬಂತು. ಆಮೇಲೆ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹಿಡಿದು ಅಂಗಡಿಯ ಮೆಟ್ಟಿಲು ಹತ್ತಿ ಇಳಿದಳು. ಸೊಂಟ ಚಕಾರ ಎತ್ತಲಿಲ್ಲ. "ಇದೇ ಇರಲಿ" ಎಂದಳು.

ಮುಂದಿನ ಕಾರ್ಯಕ್ರಮ ಒಂದು ಕಾರ್ಖಾನೆಯ ವಾರ್ಷಿಕೋತ್ಸವ. ಸಭಾಂಗಣ ಮೂರನೇ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ಚಿಕ್ಕಮ್ಮ ಏದುಸಿರಿಲ್ಲದೆ ಹತ್ತಿ ಬಂದದ್ದೇ ಭಾವನಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಮೂಲೆ ಹಿಡಿದು ಅಲ್ಲಾಡಿಸಿದ. ಅದು ಕೈಗೇ ಬಂತು.

"ಥೂ, ಇದೇನು ಟಿಫನ್ ಡಬ್ಬಿನಾ? ಮರ್ಯಾದೆ ತೆಗೀಬೇಡ. ಅಲ್ನೋಡು!"

ವೇದಿಕೆಯ ಹಿಂದೆ ಕಾರ್ಖಾನೆಯವರದೇ ಒಂದು ಹಳೆಯ ಬೇಸ್ ಪೆಟ್ಟಿಗೆಯಿತ್ತು. ಭಾವ ಹೋಗಿ ಅಲ್ಲಾಡಿಸಿದ. ಜಗ್ಗಲಿಲ್ಲ. ಎರಡೂ ಕೈ ಹಾಕಿದ. ಊಹ್ಞೂಂ. ಮಗು ಹುಟ್ಟಿದ ಸುದ್ದಿ ಕೇಳಿದವನ ಹಾಗೆ ಅವನ ಮುಖ ಅರಳಿತು. "ಅಬ್ಬಾ, ಏನ್ ತೂಕ! ಇದಕ್ಕೇ ಹಾಕ್ಕೊಂಡು ನುಡಿಸು."

ವೈರು ಸಿಕ್ಕಿಸಲು ಚಿಕ್ಕಮ್ಮ ಅದರ ಹಿಂದೆ ಹೋದಳು. ಹಲಗೆ ಸಡಿಲವಾಗಿತ್ತು. ಸರಿಸಿ ನೋಡಿದರೆ ಒಳಗೆ ಸ್ಪೀಕರೇ ಇಲ್ಲ! ಯಾವ ಕಾಲದಲ್ಲೋ ಕಿತ್ತಿದ್ದರು. ಭಾಷಣದವರು ಮೈಕು, ನೀರಿನ ಲೋಟ ಇಡುವ ಮೇಜು ಮಾಡಿಕೊಂಡು, ಅಲುಗದಿರಲಿ ಎಂದು ಹೊಟ್ಟೆ ತುಂಬ ಇಟ್ಟಿಗೆ ಪೇರಿಸಿದ್ದರು.

"ಭಾವ, ಇದರೊಳಗೆ..."

"ವಾದ ಬೇಡ! ಹೇಳಿದಷ್ಟು ಮಾಡು."

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಫಲ? ಸರಿ ಎಂದು ಚಿಕ್ಕಮ್ಮ ತನ್ನ ಪುಟ್ಟ ಪೆಟ್ಟಿಗೆಯನ್ನು ಆ ಇಟ್ಟಿಗೆಗೂಡಿನ ಹಿಂದೆ ಓರೆಯಾಗಿ ಇಟ್ಟು, ಅದಕ್ಕೇ ವೈರು ಸಿಕ್ಕಿಸಿ, ನುಡಿಸಿದಳು.

ಭಾವ ಸಭಾಂಗಣದ ನಡುವೆ ನಿಂತು ಕಣ್ಣು ಮುಚ್ಚಿದ. "ಆಹಾ! ಬೇಸ್ ಅಂದ್ರೆ ಇದು! ಎದೆಗೇ ಬಂದು ಬಡೀತಿದೆ ಕಣ್ರೋ!" ಎಂದು ಕೂಗಿದ. ಕಾರ್ಖಾನೆಯ ಮ್ಯಾನೇಜರನ್ನು ಕರೆದು ಕೇಳಿಸಿದ. ಆ ಸಂಜೆ ಚಿಕ್ಕಮ್ಮ ಎಂದಿಗಿಂತ ಚೆನ್ನಾಗಿ ನುಡಿಸಿದಳು. ಡ್ರಮ್ಮಿನವನು ಎರಡು ಸಲ ತಿರುಗಿ ನೋಡಿ ನಕ್ಕ.

ಕಾರ್ಯಕ್ರಮ ಮುಗಿದದ್ದೇ ಭಾವ ಮ್ಯಾನೇಜರನ್ನು ಹಿಡಿದು ಆ ಪೆಟ್ಟಿಗೆ ನಮಗೆ ಕೊಡಿ ಎಂದು ಕೇಳಿದ. "ಅದಾ? ಧಾರಾಳವಾಗಿ ತಗೊಂಡು ಹೋಗಿ, ಜಾಗ ಆದ್ರೂ ಆಗುತ್ತೆ" ಎಂದರು ಅವರು. ಭಾವ ಉಬ್ಬಿಹೋದ.

"ಇನ್ಮೇಲೆ ನಮ್ಮ ಬೇಸ್ ಇದರಲ್ಲೇ. ನಿನ್ನ ಕೈಲಿ ಹೊರೋಕಾಗಲ್ಲ, ನಾಳೆಯಿಂದ ಅಳಿಯನೇ ನುಡಿಸ್ತಾನೆ. ಬೇಜಾರು ಮಾಡ್ಕೋಬೇಡ, ಕಾನೂನು ಕಾನೂನೇ."

ಹೇಳಿಬಿಡೋಣವೆಂದು ನಾಲಿಗೆ ತುದಿಯವರೆಗೆ ಬಂದದ್ದನ್ನು ಚಿಕ್ಕಮ್ಮ ನುಂಗಿಕೊಂಡಳು. "ಆಯ್ತು ಭಾವ. ಹೊರಿ" ಎಂದಳು.

ಮಾವ ಕೆಳಗೆ, ಅಳಿಯ ಮೇಲೆ. ಒಂದೊಂದು ಮೆಟ್ಟಿಲಿಗೂ ದೇವರ ಹೆಸರು. ಎರಡನೇ ಮಹಡಿಯಲ್ಲಿ ಭಾವನ ಕನ್ನಡಕ ಜಾರಿತು, ಮೊದಲನೆಯದರಲ್ಲಿ ಅಂಗಿಯ ಗುಂಡಿ ಹಾರಿತು. ಅಳಿಯನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಚಿಕ್ಕಮ್ಮ ಹಿಂದಿನಿಂದ ಒಂದು ಕೈಯಲ್ಲಿ ತನ್ನ ಟಿಫನ್ ಡಬ್ಬಿ ಹಿಡಿದು, ನಿಧಾನವಾಗಿ ಇಳಿದು ಬಂದಳು. ವ್ಯಾನಿನ ಪಕ್ಕದಲ್ಲಿ ಭಾರ ಕೆಳಗಿಟ್ಟು ಭಾವ ನೆಟ್ಟಗಾಗಲಾರದೆ ನಿಂತಿದ್ದ.

ಚಿಕ್ಕಮ್ಮ ಅದರ ಹಿಂದಿನ ಹಲಗೆ ಎಳೆದಳು. ಇಟ್ಟಿಗೆಯೊಂದು ಉರುಳಿ ಭಾವನ ಚಪ್ಪಲಿಯ ಪಕ್ಕ ಬಿತ್ತು.

ಡ್ರಮ್ಮಿನವನು ನೆಲದ ಮೇಲೆ ಕೂತು ನಕ್ಕ. ಅಳಿಯ ಬಗ್ಗಿ ಒಳಗೆ ನೋಡಿದ, ಮಾವನನ್ನು ನೋಡಿದ. "ಹಾಗಾದ್ರೆ ಸೌಂಡು?"

ಚಿಕ್ಕಮ್ಮ ತನ್ನ ಪುಟ್ಟ ಪೆಟ್ಟಿಗೆಯನ್ನು ಎತ್ತಿ ತೋರಿಸಿದಳು.

"ಮೊದಲೇ ಹೇಳಬಾರದಾಗಿತ್ತಾ?" ಎಂದು ಭಾವ ಗುಡುಗಲು ಹೋಗಿ ಸೊಂಟ ಹಿಡಿದುಕೊಂಡ.

"ಹೇಳೋಕೆ ಬಂದೆ. ವಾದ ಬೇಡ ಅಂದ್ರಿ."

"ಮಾವ, ಚಿಕ್ಕಮ್ಮನೇ ನುಡಿಸಲಿ. ನನಗಿದೆಲ್ಲ ಬೇಡ" ಎಂದು ಅಳಿಯ ಬೆನ್ನು ಉಜ್ಜಿಕೊಳ್ಳುತ್ತ ವ್ಯಾನು ಹತ್ತಿದ.

ಗೆದ್ದಿದ್ದಳು. ಆದರೂ ಚಿಕ್ಕಮ್ಮನ ಕಣ್ಣಲ್ಲಿ ನೀರು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಇಪ್ಪತ್ತು ವರ್ಷಕ್ಕೆ ಸಿಕ್ಕ ಒಂದೇ ಒಂದು ಹೊಗಳಿಕೆ, ಅದೂ ಇಟ್ಟಿಗೆಗೆ!

"ಭಾವ, ಎದೆಗೆ ಬಂದು ಬಡೀತು ಅಂದ್ರಲ್ಲ, ಅದನ್ನ ನನ್ನ ಮುಖ ನೋಡಿ ಇನ್ನೊಂದು ಸಲ ಹೇಳಿ."

ಭಾವ ಇಟ್ಟಿಗೆ ನೋಡಿದ, ಕಾಲ ಬೆರಳು ನೋಡಿದ, ಗೇಟಿನ ಕಾವಲುಗಾರನನ್ನೂ ನೋಡಿದ. ಕೊನೆಗೆ "ಚೆನ್ನಾಗಿತ್ತು" ಎಂದ. ಇಟ್ಟಿಗೆಗೆ ಹೇಳಿದಷ್ಟು ಗಟ್ಟಿಯಾಗಿ ಹೇಳಲಿಲ್ಲ.

"ಇಲ್ಲಿ ಇಟ್ಟಿಗೆ ಸುರಿಯೋ ಹಾಗಿಲ್ಲ, ತಗೊಂಡು ಹೋಗಿ" ಎಂದು ಕಾವಲುಗಾರ ಅಲ್ಲಿಂದಲೇ ಕೂಗಿದ. ಭಾವ ಸಹಾಯಕ್ಕೆಂದು ಸುತ್ತ ನೋಡಿದ. ಬ್ಯಾಂಡಿನ ಕಾನೂನು ಎಲ್ಲರಿಗೂ ಬಾಯಿಪಾಠವಾಗಿತ್ತು, ಯಾರೂ ಏಳಲಿಲ್ಲ. ಚಿಕ್ಕಮ್ಮ ತನ್ನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.