ಅನುಸೂಯಕ್ಕನ ದನಿ

ತ್ರಿವೇಣಿಗೆ ವಿಶ್ವವಿದ್ಯಾಲಯದ ಮಾನವಿಕ ಕೇಂದ್ರದಲ್ಲಿ ಫೆಲೋಶಿಪ್ ಸಿಕ್ಕ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದರು. ಬಟ್ಟೆ ಅಂಗಡಿಯಲ್ಲಿ ಗುಮಾಸ್ತರಾಗಿದ್ದ ಅಪ್ಪನಿಗೆ ಮಾತ್ರ, ಹೆಂಗಸರ ಹಾಡಿನ ಬಗ್ಗೆ ಬರೆಯುವುದೂ ಒಂದು ಕೆಲಸವೇ ಎಂಬ ಅನುಮಾನ ಹೋಗಿರಲಿಲ್ಲ. ವಿಜಯಪುರ, ಅಥಣಿ ಕಡೆಯಿಂದ ಪುಣೆಗೆ ಬಂದು ನೆಲೆಸಿದವರ ಸೋಬಾನೆ ಪದಗಳಲ್ಲಿ ಮರಾಠಿ ಹೇಗೆ ಬೆರೆತುಕೊಂಡಿದೆ ಎಂಬುದು ಅವಳ ವಿಷಯ.

ಹಾಡು ಬೇಕೆಂದರೆ ಸಾವಂತ್ರವ್ವನನ್ನು ಕೇಳು ಎಂದು ಪುಣೆಯ ಸ್ವಾರಗೇಟಿನ ಹಿಂದಿನ ಓಣಿಯಲ್ಲಿ ಎಲ್ಲರೂ ಹೇಳಿದರು. ಎಪ್ಪತ್ತು ದಾಟಿದ ಆ ಮುದುಕಿ ತ್ರಿವೇಣಿಯನ್ನು ಒಳಗೆ ಕರೆದು, ಯಾವ ಊರು, ಯಾರ ಪೈಕಿ ಎಂದು ವಿಚಾರಿಸಿ, ಚಹಾ ಕೊಟ್ಟಳು. ಹುಡುಗಿ ಫೋನು ತೆಗೆದು ರೆಕಾರ್ಡಿಂಗ್ ಮಾತು ಎತ್ತಿದ್ದೇ ತಡ, ಅವಳ ಮುಖ ಬದಲಾಯಿತು.

"ನನ್ನ ಒಡಹುಟ್ಟಿದ ಅನುಸೂಯಕ್ಕನ ಕಡಿಂದ ಹಿಂದ ಒಬ್ರು ಹಾಡಿಸ್ಕೊಂಡು ಹೋದ್ರವಾ. ಕ್ಯಾಸೆಟ್ಟು ತಂದು ಕೇಳಸ್ತೀನಿ ಅಂದಿದ್ರು. ಅಕ್ಕ ಕಾಯಕೋತ ಕಾಯಕೋತ ಹೋಗಿಬಿಟ್ಲು. ನನಗ ಹಾಡು ಬರಂಗಿಲ್ಲ, ಹೋಗಿ ಬಾ."

ಓಣಿಯ ಉಳಿದ ಮನೆಗಳಲ್ಲೂ ಅದೇ ಉತ್ತರ ಸಿಕ್ಕಿತು. ಸಾವಂತ್ರವ್ವ ಹಾಡದಿದ್ದ ಮೇಲೆ ಇನ್ನೊಬ್ಬರು ಬಾಯಿ ತೆರೆಯುವಂತಿರಲಿಲ್ಲ.

ಫೆಲೋಶಿಪ್ ಕೈಬಿಟ್ಟು ಹೋಗಬಹುದೆಂಬ ಹೆದರಿಕೆಯಲ್ಲೇ ತ್ರಿವೇಣಿ ಕೇಂದ್ರದ ನಿರ್ದೇಶಕಿ ಅನುಜಾ ಮೇಡಂ ಎದುರು ಕೂತು ನಡೆದದ್ದನ್ನು ಹೇಳಿದಳು. ಮೇಡಂ ಬೈಯಲಿಲ್ಲ. ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ಆ ಕ್ಯಾಸೆಟ್ಟುಗಳು ಈಗ ಎಲ್ಲಿವೆ? ತ್ರಿವೇಣಿಗೆ ಅದು ಹೊಳೆದೇ ಇರಲಿಲ್ಲ. ಪ್ರಬಂಧವನ್ನು ಸದ್ಯಕ್ಕೆ ಬದಿಗಿಡು, ಮೊದಲು ಅವನ್ನು ಹುಡುಕು, ಹುಡುಕುವುದೂ ಫೆಲೋಶಿಪ್ಪಿನ ಕೆಲಸವೇ, ಅವಧಿ ಮುಂದೂಡುವುದನ್ನು ನಾನು ನೋಡಿಕೊಳ್ಳುತ್ತೇನೆ ಎಂದರು ಅವರು. ಅಂದು ಕೋಣೆಯಿಂದ ಹೊರಬಂದಾಗ ಅವಳಿಗೆ ಅಳು ಬಂದಿತ್ತು. ಇಷ್ಟು ವರ್ಷ ಓದಿದ್ದರಲ್ಲಿ, ನಿಧಾನ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅನುಸೂಯಕ್ಕನನ್ನು ಹಾಡಿಸಿದ ಸಂಶೋಧಕರು ತೀರಿಕೊಂಡಿದ್ದರು. ಹಳೆಯ ಅಧ್ಯಾಪಕರನ್ನೆಲ್ಲ ವಿಚಾರಿಸುತ್ತ ಹೋದಾಗ ಆ ಸಂಶೋಧಕರ ಹೆಂಡತಿ ಖರಾಡಿ ಬಡಾವಣೆಯಲ್ಲಿ ಮಗಳ ಫ್ಲಾಟಿನಲ್ಲಿರುವುದು ತಿಳಿಯಿತು. ಆಕೆ ಅಟ್ಟದಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಸಿಕೊಟ್ಟರು. ಗಂಡ ಕಾಯಿಲೆ ಬಿದ್ದು ಆ ಓಣಿಗೆ ತಿರುಗಿ ಹೋಗಲಾಗಲಿಲ್ಲವೆಂದೂ, ಹಾಸಿಗೆಯಲ್ಲಿದ್ದಾಗಲೂ ಆ ಮಾತು ತೆಗೆಯುತ್ತಿದ್ದರೆಂದೂ ಹೇಳಿದರು. "ತಲುಪಿಸಿ ಪುಣ್ಯ ಕಟ್ಟಿಕೊಳ್ಳಮ್ಮ" ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟು ಬೀಳ್ಕೊಟ್ಟರು.

ಕೇಂದ್ರದ ಧ್ವನಿಕೋಣೆಯಲ್ಲಿ ಓಂಕಾರ್ ಎಂಬ ತಂತ್ರಜ್ಞನಿದ್ದ. ಬೂಷ್ಟು ಹಿಡಿದ ಟೇಪುಗಳನ್ನು ಒರೆಸಿ, ತುಂಡಾದಲ್ಲಿ ಅಂಟಿಸಿ, ಕಂಪ್ಯೂಟರಿಗೆ ಇಳಿಸುವುದರಲ್ಲಿ ಅವನ ವಾರಗಳೇ ಕಳೆದವು. ಹಾಡು ಮಾತ್ರ ಉಳಿಸು, ನಡುವಿನ ಗದ್ದಲ ತೆಗೆದುಬಿಡು ಎಂದು ತ್ರಿವೇಣಿಯೇ ಹೇಳಿದ್ದಳು.

ಒಂದು ಭಾನುವಾರ ಇಬ್ಬರೂ ಸ್ಪೀಕರು ಹಿಡಿದು ಓಣಿಗೆ ಹೋದರು. ಸಾವಂತ್ರವ್ವನ ಮನೆಯಲ್ಲಿ ಹೆಂಗಸರು ತುಂಬಿದ್ದರು. ಅನುಸೂಯಕ್ಕನ ಹಾಡು ತಿಳಿಯಾಗಿ ಹೊಮ್ಮಿತು. ಹಲವರು ಕಣ್ಣೊರೆಸಿಕೊಂಡರು. ಸಾವಂತ್ರವ್ವ ಮಾತ್ರ ಮುಗಿಯುವವರೆಗೂ ತಲೆ ತಗ್ಗಿಸಿಯೇ ಕೂತಿದ್ದಳು.

"ಭಾಳ ಚೊಲೋ ಆತವಾ," ಎಂದಳು ಕೊನೆಗೆ. ಆಮೇಲೆ ಹಿಂಜರಿಯುತ್ತ ಕೇಳಿದಳು: "ಹಾಡಿನ ನಡಕ ಅಕ್ಕ ನನ್ನ ಕರದಿದ್ಲು. ಅದು ಇದರಾಗ ಇಲ್ಲೇನು?"

ತಾನೇ ತೆಗೆಸಿದ್ದು ನೆನಪಾಗಿ ತ್ರಿವೇಣಿ ಓಂಕಾರನತ್ತ ತಿರುಗಿದಳು. ಕನ್ನಡ ಬಾರದ ಓಂಕಾರ್ ಅವಳ ಮುಖ ನೋಡಿ ಏನೆಂದು ಕೇಳಿದ. ಅವಳು ಮರಾಠಿಯಲ್ಲಿ ವಿವರಿಸಿದಾಗ ಅವನು ನಕ್ಕುಬಿಟ್ಟ. ಮೂಲವನ್ನು ಹಾಗೆಯೇ ಇಟ್ಟುಕೊಳ್ಳದೆ ಯಾವುದನ್ನೂ ಕತ್ತರಿಸಬಾರದು ಎಂಬುದು ಕೇಂದ್ರದ ಕಟ್ಟುನಿಟ್ಟಿನ ನಿಯಮ. ಮೂಲ ಅವನ ಲ್ಯಾಪ್‌ಟಾಪಿನಲ್ಲೇ ಇತ್ತು.

ಈ ಸಲ ಗರಗರ ಸದ್ದಿನ ನಡುವೆ ಹಾಡು ಬಂತು. ಎಲ್ಲೋ ಸ್ಟೋವಿನ ಭುಸುಗುಡುವ ಶಬ್ದ, ಪಾತ್ರೆ ಬಿದ್ದ ಶಬ್ದ. ಹಾಡು ತಟ್ಟನೆ ನಿಂತು, ಅನುಸೂಯಕ್ಕ ಒದರಿದಳು: "ಏ ಸಾವಂತ್ರಿ, ಹಾಲು ಉಕ್ಕಾಕತ್ತೈತಿ ನೋಡ. ಲಕ್ಷ್ಯ ಎಲ್ಲೈತಿ ನಿಂದು?" ಅದರ ಬೆನ್ನಿಗೇ ಹರೆಯದ ಹೆಣ್ಣುದನಿಯೊಂದು, "ಬಂದೆಽ ಬಂದೆ" ಎಂದು ನಗುತ್ತ ಓಡಿತು.

ಸಾವಂತ್ರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಅತ್ತಳು. ಅಷ್ಟನ್ನೇ ಇನ್ನೊಮ್ಮೆ ಹಾಕಿಸಿಕೊಂಡಳು, ಮತ್ತೊಮ್ಮೆ ಹಾಕಿಸಿಕೊಂಡಳು. ಎದ್ದು ಬಂದು ಓಂಕಾರನ ಗದ್ದ ಹಿಡಿದು, ದೇವರು ನಿನ್ನನ್ನು ಚೆನ್ನಾಗಿಡಲಿ ಎಂದು ಮರಾಠಿಯಲ್ಲೇ ಹರಸಿದಳು. ಆಮೇಲೆ ತ್ರಿವೇಣಿಯತ್ತ ತಿರುಗಿದಳು. ಪಕ್ಕದಲ್ಲಿ ಕೂರಿಸಿಕೊಂಡು ಬೆನ್ನು ಸವರಿದಳು.

ಮರುವಾರ ಅನುಜಾ ಮೇಡಂ ಓಣಿಯ ಹೆಂಗಸರನ್ನು ಕೇಂದ್ರಕ್ಕೆ ಕರೆಸಿದರು. ಈ ದನಿಗಳನ್ನು ಯಾರು ಕೇಳಬಹುದು, ಯಾರು ಬಳಸಬಹುದು ಎಂಬುದನ್ನು ನೀವೇ ಹೇಳಬೇಕು ಎಂದು ಅವರ ನಡುವೆ ಕೂತು ಕೇಳಿದರು. ತಮ್ಮನ್ನು ಹಾಗೆ ಯಾರೂ ಕೇಳಿರದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಸಾವಂತ್ರವ್ವ, ಹಾಡನ್ನು ಊರೆಲ್ಲ ಕೇಳಲಿ, ಅಕ್ಕ ನನ್ನನ್ನು ಬೈದದ್ದು ಮಾತ್ರ ನಮ್ಮ ಮನೆಯಲ್ಲಿರಲಿ ಎಂದಳು. ಮೇಡಂ ಹಾಗೆಯೇ ಆಗಲೆಂದು ಒಪ್ಪಿದರು. ಪ್ರಬಂಧದಲ್ಲಿ ಹಾಡಿದವರ ಹೆಸರು ತನ್ನ ಹೆಸರಿನ ಜೊತೆಗೇ ಬರುತ್ತದೆ ಎಂದು ತ್ರಿವೇಣಿ ಹೇಳಿದಳು. ಹೇಳುವಾಗ, ತನ್ನನ್ನು ಇಲ್ಲಿವರೆಗೆ ತಂದವರು ಎಷ್ಟು ಜನ ಎಂದು ನೆನೆದಳು.

ಚಹಾ ಬಂತು. ಕುಡಿದು ಮುಗಿಸಿ ಸಾವಂತ್ರವ್ವ ಕೋಣೆಯನ್ನೊಮ್ಮೆ ಸುತ್ತ ನೋಡಿದಳು.

"ಫ್ಯಾನ್ ಬಂದ್ ಮಾಡವಾ, ಸಪ್ಪಳ ಆಗ್ತದ," ಎಂದಳು. "ನಾ ಹಾಡ್ತೀನಿ."