ಗಿಣಿಯ ಕಣ್ಣು

ಪರಮಾನಂದ ಫ್ಲಾಪಿಯ ತಗಡಿನ ಬಾಗಿಲನ್ನು ಉಗುರಿನಿಂದ ಸರಿಸಿ, ಬಿಳಿ ಹಾಳೆಯ ಮೇಲೆ ಮೆಲ್ಲಗೆ ತಟ್ಟಿದ. ಕೆಂಪು ಪುಡಿ ಉದುರಿತು. ಇನ್ನೊಮ್ಮೆ ತಟ್ಟಿದ, ಹಳದಿಯೂ ಉದುರಿತು.

"ಅಕ್ಕಾರ, ಇದ್ರಾಗ ಅರಿಶಿಣ ಕುಂಕುಮ ತುಂಬೇತ್ರಿ. ಯಾರ್ ಮಾಡ್ಯಾರ್ರೀ ಈ ಪೂಜಿ?"

ವನಜಾ ಹಾಳೆಯಿಂದ ದೃಷ್ಟಿ ಬೇರೆಡೆಗೆ ತಿರುಗಿಸಿದಳು. "ಯಾರೋ," ಎಂದಳು.

ಯಾರೋ ಅಲ್ಲ, ಅವಳೇ. ಹೆಬ್ಬಗೋಡಿಯ ಶಿವಶಂಕರ್ ಅವರ ಎಂಬ್ರಾಯಿಡರಿ ಯೂನಿಟ್ಟಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಡಿಸೈನು ಮಾಡುತ್ತಿದ್ದವಳು ಅವಳು. ಸೂಜಿ ಎಲ್ಲಿ ಇಳಿಯಬೇಕು, ಎಲ್ಲಿ ಏಳಬೇಕು, ಯಾವಾಗ ದಾರ ಬದಲಾಗಬೇಕು ಎಂದು ಹೊಲಿಗೆ ಹೊಲಿಗೆಯಾಗಿ ಮಷೀನಿಗೆ ಹೇಳಿಕೊಡುವ ಕೆಲಸ. ಹೇಳಿದ್ದೆಲ್ಲ ಫ್ಲಾಪಿಯಲ್ಲಿ ಕೂಡಿಡುತ್ತಿದ್ದಳು. ಆಯುಧಪೂಜೆಯ ದಿನ ಮಷೀನು ತೊಳೆದು, ಬಾಳೆಕಂದು ಕಟ್ಟಿದ ಮೇಲೆ, ಫ್ಲಾಪಿಗಳ ಪೆಟ್ಟಿಗೆಯನ್ನೂ ಇಳಿಸಿ ಒಂದೊಂದಕ್ಕೂ ಬೊಟ್ಟಿಡುವಳು. ಬುದ್ಧಿ ಇರುವುದೇ ಇದರಲ್ಲಿ, ಮಷೀನಿಗೆ ಇಟ್ಟು ಇದಕ್ಕೆ ಬಿಟ್ಟರೆ ಹೇಗೆ ಎಂಬುದು ಅವಳ ನ್ಯಾಯ. ಡಿಸೈನಿನ ಹೆಸರು ಬರೆದ ಚೀಟಿ ಮುಚ್ಚಿಹೋಗಬಾರದೆಂದು ಹೊಳೆಯುವ ತಗಡಿನ ಮೇಲೆಯೇ ಇಡುತ್ತಿದ್ದಳು. ಎಲ್ಲಿ ಇಡಬಾರದೋ ಸರಿಯಾಗಿ ಅಲ್ಲೇ.

ದಿನನಿತ್ಯ ಬೇಕಾದ ಡಿಸೈನುಗಳು ಮಷೀನಿನೊಳಗೇ ಇದ್ದವು, ಫ್ಲಾಪಿ ಹಾಕಿ ನೋಡುವ ಪ್ರಮೇಯ ಬರಲಿಲ್ಲ. ಆಷಾಢದಲ್ಲಿ ಮಷೀನಿನ ಬೋರ್ಡು ಸುಟ್ಟು, ಒಳಗಿದ್ದುದೆಲ್ಲ ಹೋಯಿತು. ಶಿವಶಂಕರ್ ಹೊಸ ಮಷೀನು ತಂದರು. ಅದಕ್ಕೆ ಪೆನ್‌ಡ್ರೈವ್ ಚುಚ್ಚಿದರೆ ಸಾಕು, ಡಿಸೈನನ್ನು ಸಾಫ್ಟ್‌ವೇರೇ ಮಾಡಿಕೊಡುತ್ತದೆ. ಅವರು ಕೆಟ್ಟ ಮನುಷ್ಯರಲ್ಲ. ದಸರಾ ಕಳೆದ ಮೇಲೆ ನಿಮಗೆ ಏನು ಕೆಲಸ ಕೊಡಲಿ, ನೀವೇ ಹೇಳಿ ಎಂದು ವನಜಾಳನ್ನೇ ಕೇಳಿದರು. ಕೆಟ್ಟ ಮನುಷ್ಯರಾಗಿದ್ದರೆ ಜಗಳವಾದರೂ ಆಡಬಹುದಿತ್ತು.

ಅಷ್ಟರಲ್ಲಿ ಬೇಗೂರಿನ ಬ್ಯಾಂಡ್‌ಸೆಟ್ ಮುನಿಯಣ್ಣ ಬಂದರು. ಅವರ ಕೋಟುಗಳ ಬೆನ್ನಿಗೆಲ್ಲ ಗಿಣಿ ಹಾಕಿಕೊಟ್ಟವಳು ವನಜಾ. ಸುತ್ತಲಿನ ಹಳ್ಳಿಗಳಲ್ಲಿ ಅವರಿಗೆ ಗಿಣಿ ಬ್ಯಾಂಡ್ ಎಂದೇ ಹೆಸರು. ಹೊಸ ಕೋಟುಗಳಿಗೂ ಅದೇ ಗಿಣಿ ಬೇಕೆಂದರು. ಹೊಸ ಸಾಫ್ಟ್‌ವೇರು ಹಳೆಯ ಕೋಟಿನ ಫೋಟೊ ನೋಡಿ ಒಂದು ಗಿಣಿ ತೆಗೆದುಕೊಟ್ಟಿತು. ಮುನಿಯಣ್ಣ ಕನ್ನಡಕ ಹಾಕಿ ನೋಡಿ, ಇದು ಪಾರಿವಾಳ ಎಂದು ಎದ್ದುಬಿಟ್ಟರು. ಆಗ ವನಜಾ ಬಾಯಿ ಬಿಟ್ಟಳು. ಗಿಣಿ ಫ್ಲಾಪಿಯಲ್ಲಿದೆ, ತೊಂಬತ್ತಾರು ಫ್ಲಾಪಿಗಳಿವೆ, ಎಂಟು ದಿನ ಕೊಡಿ, ಹೊರಗೆ ತರಿಸುತ್ತೇನೆ ಎಂದಳು. ಬಂದರೆ ಡಿಸೈನಿನ ಮೇಜು ನಿಮ್ಮದೇ ಎಂದು ಶಿವಶಂಕರ್ ಮಾತು ಕೊಟ್ಟರು.

ಈಗ ನೋಡಿದರೆ ಹಾಳೆಯ ಮೇಲೆ ಕುಂಕುಮ.

ಪರಮಾನಂದ ಬಾಗಲಕೋಟೆ ಕಡೆಯವನು. ಹೊಸೂರು ರಸ್ತೆಯ ಬಸ್‌ಸ್ಟಾಪಿನ ಹಿಂದೆ, ಒಂದೇ ಕೋಣೆಯ ಅಂಗಡಿಯಲ್ಲಿ ಕೆಟ್ಟ ಹಾರ್ಡ್‌ಡಿಸ್ಕುಗಳಿಂದ ಜನರ ಮದುವೆ ಫೋಟೊ ತೆಗೆದುಕೊಡುತ್ತಿದ್ದ. ಹಳೆಯ ಫ್ಲಾಪಿ ಡ್ರೈವನ್ನು ಒಂದು ಸಣ್ಣ ಬೋರ್ಡಿನ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿಕೊಂಡಿದ್ದ. ಹೀಗೇ ಹಾಕಿದರೆ ಪುಡಿ ಉಜ್ಜಿ ಇದ್ದುದೂ ಅಳಿಸಿಹೋಗುತ್ತದೆ, ಕವಚ ಬಿಚ್ಚಿ ಒಳಗಿನ ಬಿಲ್ಲೆ ತೊಳೆಯಬೇಕು, ತೊಂಬತ್ತಾರನ್ನು ತಾನೊಬ್ಬನೇ ತೊಳೆಯಲು ತಿಂಗಳು ಬೇಕು ಎಂದ. ತೊಳೆಯುವುದನ್ನು ನನಗೆ ಹೇಳಿಕೊಡಿ ಎಂದಳು ವನಜಾ.

ಅಂದಿನಿಂದ ದಿನಾ ಸಂಜೆ ಪಾಳಿ ಮುಗಿಸಿ ಅಲ್ಲಿಗೆ ಬಂದು ಕೂತಳು. ಬ್ಲೇಡಿನಿಂದ ಕವಚ ಬಿಡಿಸುವುದು, ಕಂದು ಬಣ್ಣದ ತೆಳು ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು ಸ್ಪಿರಿಟ್ಟಿನ ಹತ್ತಿಯಿಂದ ಒರೆಸುವುದು, ಒಣಗಿಸಿ ಹೊಸ ಕವಚಕ್ಕೆ ಸೇರಿಸುವುದು. ಹತ್ತಿ ಪ್ರತಿಸಲವೂ ಕೆಂಪಾಗುತ್ತಿತ್ತು. ಪ್ರತಿಸಲವೂ ಅವಳು ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಳು. ಆದರೆ ಮಾವಿನಕಾಯಿ ಬಂತು, ನವಿಲು ಬಂತು, ಮುಚ್ಚಿಹೋದ ಯಾವುದೋ ಶಾಲೆಯ ಬ್ಯಾಡ್ಜೂ ಬಂತು. ಓದಲು ಸಿಕ್ಕ ಭಾಗದ ಚೌಕ ತೆರೆಯ ಮೇಲೆ ಹಸಿರಾಗುತ್ತಿತ್ತು, ಸಿಗದ್ದು ಕೆಂಪಾಗುತ್ತಿತ್ತು, ಅವಳು ಒಂದೊಂದನ್ನೂ ಎಣಿಸುತ್ತಿದ್ದಳು. ಏಳನೆಯ ಸಂಜೆಗೆ ಎಪ್ಪತ್ತು ಬಂದಿದ್ದವು, ಇಪ್ಪತ್ತೈದು ತೆರೆಯಲೇ ಇಲ್ಲ.

ಕೈ ಪಳಗಲೆಂದು ಕೊನೆಗೆ ಉಳಿಸಿಕೊಂಡದ್ದು ಗಿಣಿಯನ್ನು. ಚೌಕಗಳು ಹಸಿರಾಗುತ್ತ ಹೋಗಿ, ಕಡೆಯವೆರಡು ಕೆಂಪಾಗಿ ನಿಂತವು.

"ತುದಿಗೆ ಕೆರದೇತ್ರಿ ಅಕ್ಕಾರ. ಅಷ್ಟು ಹೋತು. ಉಳದದ್ದು ಐತಿ," ಎಂದ ಪರಮಾನಂದ.

ಮರುದಿನ ಬೆಳಿಗ್ಗೆ ಮುನಿಯಣ್ಣನವರ ಎದುರಿಗೇ ಹೊಸ ಮಷೀನಿಗೆ ಪೆನ್‌ಡ್ರೈವ್ ಹಾಕಿದರು. ನೀಲಿ ಕೋಟಿನ ಬಟ್ಟೆಯ ಮೇಲೆ ಮೊದಲು ಬಾಲ ಬಂತು, ಆಮೇಲೆ ರೆಕ್ಕೆ, ಕತ್ತಿನ ಪಟ್ಟಿ, ಬಾಗಿದ ಕೊಕ್ಕು. ಮಷೀನು ನಿಂತಿತು.

"ಇದು ನಮ್ ಗಿಣಿನೇ ಕಣವ್ವಾ," ಎಂದರು ಮುನಿಯಣ್ಣ. ಆಮೇಲೆ ಬಟ್ಟೆಯ ಮೇಲೆ ಬಗ್ಗಿದರು. "ಕಣ್ಣೆಲ್ಲೋಯ್ತು?"

ಕಣ್ಣು ಅವಳು ಕೊನೆಗೆ ಹಾಕಿದ್ದು. ಯಾವ ಗಿಣಿಗೂ ಕಣ್ಣು ಕೊನೆಗೇ ಹಾಕುವುದು ಅವಳ ಪದ್ಧತಿ. ಫ್ಲಾಪಿ ಹಳೆಯದಾಗಿತ್ತು ಎಂದರೆ ಯಾರೂ ಮರುಮಾತಾಡುವಂತಿರಲಿಲ್ಲ. ನಾಲಗೆಯ ತುದಿಗೂ ಅದೇ ಬಂದಿತ್ತು.

"ಕಣ್ಣು ನನ್ನಿಂದಾನೇ ಹೋಯ್ತು ಸಾರ್," ಎಂದಳು ಶಿವಶಂಕರ್ ಕಡೆ ತಿರುಗಿ. "ವರ್ಷಾ ವರ್ಷಾ ಫ್ಲಾಪಿ ಬಾಯಿಗೇ ಕುಂಕುಮ ಇಟ್ಟಿದೀನಿ. ಇಪ್ಪತ್ತೈದು ಫ್ಲಾಪಿ ಪೂರ್ತಿ ಹಾಳಾಗಿವೆ. ನಾನೇ ಮಾಡಿದ್ದು."

ಶಿವಶಂಕರ್ ಬಟ್ಟೆಯನ್ನು ನೋಡಿದರು, ಅವಳನ್ನು ನೋಡಿದರು.

"ಕುಂಕುಮದ ತಟ್ಟೆ ಹಿಡ್ಕೊಂಡು ನಿಂತಿರ್ತಿದ್ದೋನು ನಾನೇ ಅಲ್ವೇನಮ್ಮ," ಎಂದರು. ಆಮೇಲೆ ಡಿಸೈನಿನ ಮೇಜಿನ ಮೇಲಿದ್ದ ಹೊಸ ಕಂಪ್ಯೂಟರಿನ ಮುಂದಿನ ಕುರ್ಚಿಯನ್ನು ಎಳೆದು ಅವಳ ಕಡೆ ತಿರುಗಿಸಿದರು. "ಬಟ್ಟೆ ಮಷೀನಿಂದ ತೆಗೆಯೋದು ಬೇಡ. ಕಣ್ಣು ಹಾಕಿ. ನಿಮ್ ಹೆಸ್ರಲ್ಲಿ ಒಂದ್ ಫೋಲ್ಡರ್ ಮಾಡ್ಕೊಳ್ಳಿ, ಬಂದಿರೋವೆಲ್ಲಾ ಅದ್ರಲ್ಲೇ ಇರ್ಲಿ."

ವನಜಾ ಕೂತಳು. ಮೌಸು ಕೈಯಲ್ಲಿ ಜಾರಿತು. ಸೆರಗಿನಿಂದ ಅಂಗೈ ಒರೆಸಿಕೊಂಡು ಮತ್ತೆ ಹಿಡಿದಳು. ಹಳೆಯ ಕೋಟು ಪಕ್ಕದಲ್ಲೇ ಇತ್ತು, ಅವಳು ಅದರ ಕಡೆ ನೋಡಲಿಲ್ಲ. ಕೊಕ್ಕಿನಿಂದ ಒಂದು ಎಳೆ ಮೇಲೆ, ಸುತ್ತಲೂ ಇಪ್ಪತ್ತಾರು ಹೊಲಿಗೆ ಕಪ್ಪು, ಒಳಗೆ ಒಂದೇ ಒಂದು ಬಿಳಿ. ಒಂದೊಂದನ್ನೂ ಒತ್ತಿ ಒತ್ತಿ ಕೂರಿಸಿದಳು. ಕಾಲು ಗಂಟೆ ಹಿಡಿಯಿತು. ಯಾರೂ ಅವಸರ ಮಾಡಲಿಲ್ಲ.

ಮಷೀನು ಕಪ್ಪು ದಾರ ಎತ್ತಿಕೊಂಡು ಒಂದು ಸುತ್ತು ಬಂತು, ದಾರ ಬದಲಿಸಿತು, ಬಿಳಿಯ ಹೊಲಿಗೆ ಹಾಕಿ ನಿಂತಿತು. ಬಟ್ಟೆಯ ಮೇಲೆ ಬಗ್ಗಿದ್ದ ಮುನಿಯಣ್ಣ, ಗಿಣಿ ತಮ್ಮನ್ನೇ ನೋಡಿದಂತಾಗಿ, ಅರ್ಧ ಹೆಜ್ಜೆ ಹಿಂದೆ ಸರಿದು, ತಮಗೇ ತಿಳಿಯದಂತೆ ಅಂಗಿಯ ಕಾಲರು ಸರಿಮಾಡಿಕೊಂಡರು.