ಪೂರ್ತಿ ಟೇಪು

ಟಿವಿಯವರು ಹಳೆಯ ಕಾಮಿಡಿ ಸಿನಿಮಾಗಳಿಗೆ ಕತ್ತರಿ ಹಾಕಿದಾಗಲೆಲ್ಲ ಸತ್ಯಮೂರ್ತಿಗೆ ಮೈಯೆಲ್ಲ ಉರಿಯುತ್ತಿತ್ತು. "ಕುಡುಕ ಮೆಟ್ಟಿಲಿಂದ ಉರುಳೋ ಸೀನೇ ಇಲ್ಲ! ಕತ್ತರಿ ಹಾಕೋಕೆ ಇವರ್ಯಾರೇ?" ಎಂದು ಹೆಂಡತಿ ವತ್ಸಲಾಳ ಮೇಲೆ ರೇಗುತ್ತಿದ್ದ. ವಿಡಿಯೊ ಕ್ಯಾಸೆಟ್ಟುಗಳು ಬಂದ ಮೇಲೆ ಅವೇ ಸಿನಿಮಾಗಳು ಪೂರ್ತಿಯಾಗಿ ಸಿಕ್ಕವು. ಅಮೆರಿಕದ ಸೆರಿಟೋಸ್ ಊರಿನ ತನ್ನ ಮನೆಗೆ ಎರಡು ವಿಸಿಆರ್ ತಂದ. ಒಂದರಿಂದ ಇನ್ನೊಂದಕ್ಕೆ ಕಾಪಿ ಮಾಡುವಾಗ, ಮುತ್ತು ಕೊಡುವ ಸೀನು ಬಂದರೆ ಮಾತ್ರ ತಾನೇ ಪಾಜ್ ಬಟನ್ ಒತ್ತಿ ಅದನ್ನು ಹಾರಿಸಿಬಿಡುತ್ತಿದ್ದ. "ಮನೇಲಿ ಬೆಳೆದ ಮಗಳಿದಾಳೆ" ಎನ್ನುತ್ತಿದ್ದ. ವತ್ಸಲಾ ನಗುತ್ತಿದ್ದಳು.

ಆ ಮಗಳು ನಳಿನಿ ಈ ಬೇಸಿಗೆಯಲ್ಲಿ ನೂರು ಮೈಲಿ ದೂರದ ಸ್ಯಾನ್ ಡಿಯಾಗೋದಲ್ಲಿ ಅಮೆರಿಕನ್ ಹುಡುಗನೊಬ್ಬನನ್ನು ಮದುವೆಯಾದಳು. ಸತ್ಯಮೂರ್ತಿ ಬೈಯಲಿಲ್ಲ, ಕೂಗಾಡಲಿಲ್ಲ. ಮೂರು ದಿನ ವಿಸಿಆರ್‌ಗಳ ಮುಂದೆ ಕುಳಿತಿದ್ದ, ಅಷ್ಟೇ.

ಭಾನುವಾರ ಮಧ್ಯಾಹ್ನ ತಮ್ಮ ಗೃಹಪ್ರವೇಶದ ಟೇಪು ಹಾಕಿದ. ಪುರೋಹಿತರು ಮಂತ್ರ ಹೇಳುತ್ತಿದ್ದರು. ನಳಿನಿ ಆರತಿ ತಟ್ಟೆ ಹಿಡಿದು ಬರಬೇಕಾದ ಹೊತ್ತಿಗೆ ಚಿತ್ರ ಚಕ್ಕನೆ ಹಾರಿತು. ನೆಂಟರೆಲ್ಲ ಆಗಲೇ ಊಟಕ್ಕೆ ಕೂತಿದ್ದರು.

"ರೀ, ಟೇಪು ಹಾಳಾಗಿದೆ."

"ಇಲ್ವಲ್ಲ, ಪೂರ್ತಿ ಇದೆ," ಎಂದು ಅವನು ನಕ್ಕ. "ಶುಕ್ರವಾರ ಇಲ್ಲೇ ದೇವಸ್ಥಾನಕ್ಕೆ ಅಂತ ಹೋದೆಯಲ್ಲ, ಕಾರು ಇನ್ನೂರು ಮೈಲಿ ಓಡಿದೆ."

ವತ್ಸಲಾ ಅವನ ಕಡೆ ತಿರುಗಿದಳು. ಗುಟ್ಟಾಗಿ ಮಗಳನ್ನು ನೋಡಿಕೊಂಡು ಬಂದದ್ದು ಅವನಿಗೆ ಗೊತ್ತಾಗಿತ್ತು. ಇನ್ನೇನು, ತಾನು ಎಲ್ಲರಿಗೂ ಹೋಳಿಗೆ ಬಡಿಸುತ್ತ ಬರುವ ಸೀನು. ಟಿವಿಯ ಹತ್ತಿರ ಸರಿದು ಕಾದಳು.

ಚಿತ್ರ ಇನ್ನೊಮ್ಮೆ ಹಾರಿತು. ಎಲ್ಲರ ತಟ್ಟೆಯಲ್ಲೂ ಹೋಳಿಗೆ ಇತ್ತು. ಬಡಿಸಿದವರು ಯಾರೂ ಇರಲಿಲ್ಲ.